ಜೀವಶಾಸ್ತ್ರ ಇಷ್ಟಪಡುವ ಕಾಯಿಲೆಗೆ ಗುಣಪತ್ರ ಕೇಳಿದವರಿಗೆ

ವಿಜ್ಞಾನ ವಿಷಯ ಪರೀಕ್ಷಾ ಮಂಡಳಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ನನ್ನ ಮಗಳಿಗೆ ಜೀವಶಾಸ್ತ್ರವೆಂದರೆ ಇಷ್ಟ. ಈ ಇಷ್ಟ ಸಂಪೂರ್ಣ ವಾಸಿಯಾಗಿದೆ ಎಂದು ವೈದ್ಯರಿಂದ ಬರೆಸಿಕೊಂಡು, ಅದರ ಕೆಳಗೆ ಅವಳ ಸಹಿಯನ್ನೂ ಹಾಕಿಸಿ ತಂದರೆ ಮಾತ್ರ ಅವಳನ್ನು ಭೌತಶಾಸ್ತ್ರದ ಪರೀಕ್ಷೆಗೆ ಕೂರಿಸುವುದಾಗಿ ತಮ್ಮ ಕಚೇರಿ ಬರೆದಿದೆ. ಯಾರೋ ಚೇಷ್ಟೆ ಮಾಡಿರಬೇಕು ಎಂದುಕೊಂಡು ನಾನು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ. ಮೊಹರು ಅಸಲಿ, ಸಹಿ ಅಸಲಿ, ‘ಪ್ರತಿಯನ್ನು ಮಾಹಿತಿಗಾಗಿ’ ಎಂದು ಇನ್ನೂ ನಾಲ್ಕಾರು ಕಚೇರಿಗಳಿಗೆ ಕಳಿಸಿದ ಒಕ್ಕಣೆಯೂ ಅಸಲಿ. ಅಂದರೆ ನನ್ನ ಮಗಳಿಗೆ ಒಂದು ವಿಷಯ ಇಷ್ಟವಾಗಿರುವ ಸುದ್ದಿ ಈಗ ಸರ್ಕಾರದ ಕಡತಗಳಲ್ಲೆಲ್ಲ ಓಡಾಡುತ್ತಿದೆ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಊರಿಗೇ ಗೊತ್ತಾಗಲಿ ಎಂದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಬಟ್ಟೆ ಆಲ್ಟರೇಷನ್ ಮಾಡುವವಳು. ಹೊಸ ಬಟ್ಟೆ ಹೊಲಿಯುವುದಿಲ್ಲ. ಇರುವುದನ್ನು ಸಡಿಲಿಸುವುದು, ಬಿಗಿ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ಪ್ಯಾಂಟಿನ ಕಾಲು ಮಡಚಿ ಹೊಲಿಯುವುದು ನನ್ನ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಒಂದು ಮೆಷಿನ್ನು, ಒಂದು ಉದ್ದನೆಯ ಮೇಜು, ಗಿರಾಕಿಗಳು ಬಟ್ಟೆ ಬದಲಿಸಲು ಪರದೆ ಎಳೆದ ಒಂದು ಮೂಲೆ. ಮೇಜಿನ ಆ ತುದಿ ಮಗಳದ್ದು. ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ಜಾಡಿ, ಅದರೊಳಗೆ ಅವಳ ಬಸವನಹುಳುಗಳು. ಅವುಗಳಲ್ಲಿ ದಪ್ಪನೆಯದಕ್ಕೆ ಹೆಡ್ಮಾಸ್ಟರ್ ಎಂದು ಹೆಸರು. ಒಮ್ಮೆ ಈ ಹೆಡ್ಮಾಸ್ಟರ್ ಕಟ್ಟೆಯಿಂದ ಬಿದ್ದು ಚಿಪ್ಪು ಒಡೆದುಕೊಂಡಿತು. “ಅದರ ಕಥೆ ಮುಗೀತು ಬಿಡೇ” ಎಂದೆ ನಾನು. ಮಗಳು ಕೇಳಲಿಲ್ಲ. ನಾನು ಬಟ್ಟೆಗೆ ಗುರುತು ಹಾಕುವ ಚಾಕನ್ನು ಕದ್ದು ಪುಡಿ ಮಾಡಿ ಜಾಡಿಗೆ ಹಾಕಿದಳು. ಹೆಡ್ಮಾಸ್ಟರ್ ಅದನ್ನು ಮೂಸಿಯೂ ನೋಡಲಿಲ್ಲ. ಆಮೇಲೆ ಎಲ್ಲೋ ಓದಿಕೊಂಡು ಬಂದು ಮೊಟ್ಟೆಯ ಸಿಪ್ಪೆ ಅರೆದು ಹಾಕಿದಳು. ದಿನ ಕಳೆದಂತೆ ಒಡೆದ ಜಾಗದಲ್ಲಿ ಒಳಗಿನಿಂದ ತೆಳ್ಳಗೆ, ಬೆಳ್ಳಗೆ ಒಂದು ಪದರ ಮೂಡತೊಡಗಿತು.

“ಅಮ್ಮಾ, ಬಾ ಇಲ್ಲಿ! ಒಳಗಡೆಯಿಂದ ತೇಪೆ ಹಾಕ್ಕೋತಾ ಇದೆ!”

ಕೈಯಲ್ಲಿದ್ದ ಪ್ಯಾಂಟನ್ನು ಬಿಟ್ಟು ನಾನೂ ಹೋಗಿ ನೋಡಿದೆ. ನಾನು ಹಾಕುವ ತೇಪೆಗಿಂತ ನೀಟಾಗಿತ್ತು, ಹೊಟ್ಟೆಕಿಚ್ಚಾಯಿತು. ಮಗಳಂತೂ ಅವತ್ತು ಊಟಕ್ಕೂ ಏಳಲಿಲ್ಲ. ಸ್ವಾಮೀ, ತಮ್ಮ ಕಡತಕ್ಕೆ ಬೇಕಿದ್ದರೆ ಬರೆದುಕೊಳ್ಳಿ: ಕಾಯಿಲೆ ಶುರುವಾದದ್ದು ಅವತ್ತೇ.

ಈಗ ತಮ್ಮ ಸುತ್ತೋಲೆಯ ವಿಷಯಕ್ಕೆ ಬರುತ್ತೇನೆ. ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು ತಮ್ಮ ಮಂಡಳಿಯ ಪರೀಕ್ಷೆ ಬರೆಯಬೇಕು. ಇಷ್ಟರವರೆಗೆ ಸರಿ. ಆದರೆ ಈ ವರ್ಷ ತಾವು ಒಂದು ಸಾಲು ಸೇರಿಸಿದಿರಿ: ಯಾವ ವಿಷಯಕ್ಕೆ ಅತಿ ಕಡಿಮೆ ಮಕ್ಕಳು ಹೆಸರು ಕೊಡುತ್ತಾರೋ ಆ ವಿಷಯ ಬರೆದವರಿಗೆ ಪ್ರೋತ್ಸಾಹದ ಅಂಕ. ಮೂರೂ ವಿಷಯಗಳು ಸಮಸಮವಾಗಿ ಬೆಳೆಯಲಿ ಎಂಬ ಸದುದ್ದೇಶವಂತೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹೆತ್ತವರನ್ನು ತಾವು ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ? ಆ ಒಂದು ಸಾಲು ಓದಿದ ಮೇಲೆ ಊರಿನಲ್ಲಿ ಯಾರೂ ‘ನಮ್ಮ ಮಗುವಿಗೆ ಏನು ಬರುತ್ತದೆ’ ಎಂದು ಯೋಚಿಸಲಿಲ್ಲ. ‘ಪಕ್ಕದ ಮನೆಯ ಮಗು ಏನು ತಗೊಳ್ಳುತ್ತದೆ’ ಎಂದು ಯೋಚಿಸಿದರು.

ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಯಾವ ಹೊತ್ತಿನಲ್ಲಿ ಯಾವ ಬಸ್ಸು ಖಾಲಿ ಓಡುತ್ತದೆ ಎಂದು ಹೇಳುವುದರಲ್ಲಿ ಎತ್ತಿದ ಕೈ. ಸುತ್ತೋಲೆ ಓದಿದ್ದೇ ತಡ, ಕನ್ನಡಕ ಏರಿಸಿ ಕೂತುಬಿಟ್ಟರು.

“ಖಾಲಿ ಬಸ್ಸು ಯಾವುದು ಅಂತ ನೋಡ್ಕೊಂಡು ಹತ್ತಬೇಕು. ಸೀಟು ಸಿಕ್ಕಿದ್ರೆ ಸಾಕು, ಆರಾಮಾಗಿ ಹೋಗಬಹುದು” ಎಂದರು.

“ಆ ಬಸ್ಸು ಅವಳು ಹೋಗಬೇಕಾದ ಕಡೆ ಹೋಗದಿದ್ರೆ?” ಎಂದೆ.

“ಮೊದಲು ಸೀಟು ಸಿಗಲಿ ಕಣೇ. ಆಮೇಲೆ ನೋಡೋಣ.”

ಅವರ ಲೆಕ್ಕಾಚಾರ ಹೀಗಿತ್ತು. ಭೌತಶಾಸ್ತ್ರ ಎಂದರೆ ಎಲ್ಲರಿಗೂ ಭಯ, ಆದ್ದರಿಂದ ಅದೇ ಖಾಲಿ ಬಸ್ಸು. ಇನ್ನೂ ಖಾಲಿಯಾಗಲಿ ಎಂದು ಅವರೇ ನಾಲ್ಕು ಜನರ ಕಿವಿಗೆ ಹಾಕಿದರು: “ಈ ಸಲ ಭೌತಶಾಸ್ತ್ರದ ಪೇಪರು ಮಕ್ಕಳ ಜೀವ ಹಿಂಡುತ್ತಂತೆ. ನಮ್ಮ ಹುಡುಗಿ ಅಂತೂ ಅದರ ಕಡೆ ತಲೆ ಹಾಕಿನೂ ಮಲಗಲ್ಲ.” ಮಾರನೆಯ ದಿನ ಪ್ಯಾಂಟಿನ ಸೊಂಟ ಸಡಿಲಿಸಿಕೊಳ್ಳಲು ಬಂದ ಬ್ಯಾಂಕ್ ಅಧಿಕಾರಿಗಳು ಇದೇ ಮಾತನ್ನು, ಇದೇ ಮುಖ ಮಾಡಿಕೊಂಡು, ನನಗೇ ಹೇಳಿದರು. ಆಮೇಲೆ ಬಂದವರೂ ಅದನ್ನೇ ಹೇಳಿದರು. ಪರದೆಯ ಹಿಂದಿನಿಂದ ಕೂಡ ಅದೇ ಮಾತು ಕೇಳಿಬಂತು. ಪ್ರತಿಯೊಬ್ಬರೂ ಉಳಿದವರನ್ನು ಭೌತಶಾಸ್ತ್ರದಿಂದ ಓಡಿಸುವುದರಲ್ಲಿ ಮುಳುಗಿದ್ದರು. ಎಲ್ಲರೂ ಓಡಿಹೋದರು ಎಂದು ಪ್ರತಿಯೊಬ್ಬರಿಗೂ ಖಾತ್ರಿಯಾದ ಮೇಲೆ, ಕೊನೆಯ ದಿನ, ಎಲ್ಲರೂ ಹೋಗಿ ಗುಟ್ಟಾಗಿ ಭೌತಶಾಸ್ತ್ರಕ್ಕೇ ಹೆಸರು ಕೊಟ್ಟರು. ನಮ್ಮವರೂ ಕೊಟ್ಟರು. ಮಗಳು “ಅಪ್ಪಾ, ನನಗೆ ಜೀವಶಾಸ್ತ್ರ” ಎಂದದ್ದು ಅವರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ರಸಾಯನಶಾಸ್ತ್ರಕ್ಕೆ ಪ್ರತಿವರ್ಷದಂತೆ ಔಷಧದ ಅಂಗಡಿಯವರ ಮಕ್ಕಳು ಬೆರಳೆಣಿಕೆಯಷ್ಟು ಉಳಿದರು. ಜೀವಶಾಸ್ತ್ರಕ್ಕೆ ಉಳಿದದ್ದು ಒಬ್ಬಳೇ ಹುಡುಗಿ. ಅವಳು ನನ್ನ ಮಗಳ ಗೆಳತಿ. ಆ ದಿನಗಳಲ್ಲಿ ಅವಳಿಗೆ ಚಿಕನ್ ಪಾಕ್ಸ್ ಬಂದು ಮಲಗಿದ್ದಳು. ಅವರ ಮನೆಯ ಹತ್ತಿರ ಯಾರೂ ಸುಳಿಯದಿದ್ದರಿಂದ ಈ ಗಾಳಿಸುದ್ದಿ ಅವಳಿಗೆ ತಗುಲಲಿಲ್ಲ. ಮೊದಲು ಏನು ಬೇಕೆಂದಿದ್ದಳೋ ಅದನ್ನೇ ಬರೆಸಿದಳು. ಊರಿನಲ್ಲಿ ಆರೋಗ್ಯವಾಗಿದ್ದವಳು ಅವಳೊಬ್ಬಳೇ ಎಂದು ಈಗ ಅನ್ನಿಸುತ್ತದೆ.

ಶಾಲೆಯ ಪಾಡು ಕೇಳಿ. ಭೌತಶಾಸ್ತ್ರದ ತರಗತಿಯಲ್ಲಿ ಮಕ್ಕಳು ಕಿಟಕಿಯ ಕಟ್ಟೆ ಮೇಲೆ, ಬಾಗಿಲ ಹೊರಗೆ, ಮೆಟ್ಟಿಲ ಮೇಲೆಲ್ಲ ಕೂತಿದ್ದಾರೆ. ಮೇಷ್ಟ್ರ ಗಂಟಲು ಬಿದ್ದುಹೋಗಿದೆ. ಅವರು ಪಿಸುಗುಟ್ಟಿದ್ದನ್ನು ಮುಂದಿನ ಬೆಂಚಿನವರು ಹಿಂದಿನವರಿಗೆ ಹೇಳಿ, ಅದು ಮೆಟ್ಟಿಲಿಗೆ ತಲುಪುವ ಹೊತ್ತಿಗೆ ಬೇರೆಯೇ ಸೂತ್ರವಾಗಿರುತ್ತದೆ. ಪಕ್ಕದ ಕೋಣೆಯಲ್ಲಿ ಜೀವಶಾಸ್ತ್ರದ ಮೇಡಂ ಬೋರ್ಡಿನ ಮೇಲೆ ಚೆಂದದ ಹೃದಯ ಬರೆದು, ಗುರುತುಗಳನ್ನು ಹಾಕಿ, ಖಾಲಿ ಬೆಂಚುಗಳನ್ನು ಒಮ್ಮೆ ನೋಡಿ ಅಳಿಸುತ್ತಾರಂತೆ.

ಇನ್ನು ತಯಾರಿ. ತಮ್ಮ ಮಂಡಳಿಯ ಮಾರ್ಗದರ್ಶಿ ಪುಸ್ತಕ ‘ಮನೆಯಲ್ಲಿಯೇ ಪರೀಕ್ಷಾ ಕೊಠಡಿಯ ವಾತಾವರಣವನ್ನು ಕಟ್ಟುನಿಟ್ಟಾಗಿ ನಿರ್ಮಿಸಿ’ ಎನ್ನುತ್ತದೆ. ಇದನ್ನು ಬರೆದ ಪುಣ್ಯಾತ್ಮರಿಗೆ ನಮ್ಮ ಅತ್ತೆಯ ಪರಿಚಯವಿರಲಿಲ್ಲ. ಅತ್ತೆಗೆ ಹೊತ್ತು ಹೋಗದೆ ಬೇಜಾರಾಗಿತ್ತು. ಮೊಮ್ಮಗಳು ಆ ಪುಟವನ್ನು ಓದಿ ಹೇಳಿದ ದಿನದಿಂದ ಅವರು ಕೊಠಡಿ ಮೇಲ್ವಿಚಾರಕರು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಒಂದು ಗಂಟೆ. ಗಂಟೆ ಬಾರಿಸಿದ ಮೇಲೆ ಮುಂದಿನ ಕೋಣೆಯಲ್ಲಿ ಯಾರೂ ಮಾತಾಡುವಂತಿಲ್ಲ, ಅರ್ಧ ಗಂಟೆಯವರೆಗೆ ಯಾರೂ ಹೊರಗೆ ಹೋಗುವಂತಿಲ್ಲ. ನನ್ನ ಮೆಷಿನ್ನು ಸದ್ದು ಮಾಡುತ್ತದೆ ಎಂದು ಅದಕ್ಕೂ ನಿಷೇಧ. ನಮ್ಮವರು ಒಮ್ಮೆ ಬಚ್ಚಲಿಗೆ ಎದ್ದಾಗ ಜೇಬು ತಡಕಿ ನೋಡಿ ಕಳಿಸಿದರು. “ಅಮ್ಮಾ, ನಾನು ನಿನ್ನ ಮಗ” ಎಂದರೆ, “ಪರೀಕ್ಷೆಯಲ್ಲಿ ಮಗ ಗಿಗ ಇಲ್ಲ” ಎಂದರು.

ಒಂದು ಸಂಜೆ ಅತ್ತೆ ಗಂಟೆ ಬಾರಿಸುವಾಗ ಬ್ಯಾಂಕ್ ಅಧಿಕಾರಿಗಳು ಪರದೆಯ ಹಿಂದೆ ಇದ್ದರು. ಅವರ ಪ್ಯಾಂಟು ನನ್ನ ಮೇಜಿನ ಮೇಲಿತ್ತು.

“ಅಮ್ಮಾ, ನಾನು ಗಿರಾಕಿ. ಪ್ಯಾಂಟು ಕೊಟ್ರೆ ಹೋಗ್ತೀನಿ” ಎಂದು ಪರದೆ ಬೇಡಿಕೊಂಡಿತು.

“ಒಳಗೆ ಬಂದ ಮೇಲೆ ನೀವೂ ಅಭ್ಯರ್ಥಿನೇ. ಮಾತು ಬೇಡ. ಮಾತಾಡಿದ್ರೆ ಡಿಬಾರು.”

ಸುಮ್ಮನೆ ನಿಲ್ಲುವುದೇಕೆ ಎಂದು ಅತ್ತೆ ಪರದೆಯ ಕೆಳಗಿನಿಂದ ಅವರಿಗೂ ಒಂದು ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ತೂರಿಸಿದರು. ಅವರು ಬರೆದೂ ಬರೆದರು. ಎಷ್ಟು ಅಂಕ ಬಂತೆಂದು ನಾನು ಹೇಳುವುದಿಲ್ಲ; ಅವರ ಬ್ಯಾಂಕಿನಲ್ಲಿ ದುಡ್ಡಿಟ್ಟವರು ಗಾಬರಿಯಾದಾರು.

ನಕ್ಕುಬಿಡಿ, ನಾವೂ ನಕ್ಕಿದ್ದೇವೆ. ಆದರೆ ಮನೆಯಲ್ಲಿ ನಗದವಳು ಒಬ್ಬಳಿದ್ದಳು. ಜೀವಂತ ವಸ್ತುಗಳಿಗೆ ಪರೀಕ್ಷಾ ಕೊಠಡಿಯಲ್ಲಿ ಪ್ರವೇಶವಿಲ್ಲ ಎಂದು ಅತ್ತೆ ಜಾಡಿಯನ್ನು ಹಿತ್ತಲಿಗೆ ಸಾಗಿಸಿದಾಗ ಮಗಳು ಕಮಕ್ ಕಿಮಕ್ ಎನ್ನಲಿಲ್ಲ. ಹಿಂದೆ ಒಂದು ಇರುವೆ ಗೋಡೆ ಹತ್ತಿದರೂ ನನ್ನನ್ನು ಕೂಗಿ ಕರೆಯುತ್ತಿದ್ದವಳು ಬೆಳಗಿನಿಂದ ಸಂಜೆಯವರೆಗೆ ಉತ್ತರಪತ್ರಿಕೆಯ ಸೊನ್ನೆಗಳನ್ನು ಕಪ್ಪು ಮಾಡುತ್ತ ಕೂತಳು. ಮನೆಯ ಮಾತೆಲ್ಲ ನಾಲ್ಕು ಆಯ್ಕೆಗಳಲ್ಲೇ ನಡೆಯತೊಡಗಿತು. ಟವೆಲ್ಲು ಎಲ್ಲಿ ಎಂದು ಅವಳನ್ನು ಕೇಳಿದರೆ, ಎಲ್ಲೆಲ್ಲಿ ಇರಬಹುದು ಎಂದು ನಾಲ್ಕು ಜಾಗ ಹೇಳಿ ಸುಮ್ಮನಾಗುತ್ತಿದ್ದಳು. ಒಂದು ದಿನ ಊಟದ ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತಿದ್ದಳು.

“ಏನಾಯ್ತೇ? ಹಸಿವಿಲ್ವಾ? ಸುಸ್ತಾ? ಯಾರಾದ್ರೂ ಏನಾದ್ರೂ ಅಂದ್ರಾ?”

“ಮೇಲಿನ ಎಲ್ಲವೂ” ಎಂದಳು.

ತಮಾಷೆಗೆ ಹೇಳಿದ್ದಲ್ಲ. ಅವಳಿಗೆ ಬೇರೆ ಮಾತೇ ಬರಲಿಲ್ಲ. ಇವಳನ್ನು ಜೀವಶಾಸ್ತ್ರಕ್ಕೆ ಹಾಕಿಸಿಯೇ ತೀರುವುದೆಂದು ಮಾರನೆಯ ಬೆಳಿಗ್ಗೆ ಅಂಗಡಿಗೆ ಬಾಗಿಲು ಹಾಕಿ ತಮ್ಮ ಕಚೇರಿಗೆ ಹೊರಟೆ.

ಹೊರಟವಳು ನಾನೊಬ್ಬಳೇ ಆಗಿದ್ದರೆ ಚೆನ್ನಾಗಿತ್ತು. ಹಿಂದಿನ ದಿನವೇ ತಾವು ಪ್ರಕಟಣೆ ಹೊರಡಿಸಿದ್ದಿರಿ: ಜೀವಶಾಸ್ತ್ರಕ್ಕೆ ಒಬ್ಬಳೇ ಅಭ್ಯರ್ಥಿ ಇರುವುದರಿಂದ ಪ್ರೋತ್ಸಾಹದ ಅಂಕ ಅದಕ್ಕೇ. ಇನ್ನೇನು ಬೇಕು? ಊರಿಗೆ ಊರೇ ಸಾಲಿನಲ್ಲಿ ನಿಂತಿತ್ತು. ವಿಷಯ ಬದಲಿಸಬೇಕು, ನಮ್ಮ ಮಗನಿಗೆ ಹುಟ್ಟಿದಾಗಿನಿಂದ ಜೀವಶಾಸ್ತ್ರವೇ ಇಷ್ಟ, ನಮ್ಮ ಮಗಳು ತೊಟ್ಟಿಲಲ್ಲೇ ಕೀಟಗಳನ್ನು ಗುರುತಿಸುತ್ತಿದ್ದಳು! ಬರೀ ಬಾಯಿಮಾತು ನಂಬುವುದಿಲ್ಲ, ಇಷ್ಟಕ್ಕೆ ಪುರಾವೆ ಬೇಕು ಎಂದು ಕೌಂಟರಿನ ಗುಮಾಸ್ತರು ಯಾರಿಗೋ ಅಂದರಂತೆ. ಆ ಮಾತು ಸಾಲಿನ ಬಾಲಕ್ಕೆ ಮುಟ್ಟುವಷ್ಟರಲ್ಲಿ ಜನ ಸಾಕುಪ್ರಾಣಿಗಳ ಅಂಗಡಿಗೆ ಓಡಿದ್ದರು. ಮಧ್ಯಾಹ್ನದ ಹೊತ್ತಿಗೆ ತಮ್ಮ ಕಚೇರಿಯ ಅಂಗಳದಲ್ಲಿ ಮೊಲ, ಆಮೆ, ಪ್ಲಾಸ್ಟಿಕ್ ಚೀಲದಲ್ಲಿ ಮೀನು, ಪಂಜರದಲ್ಲಿ ಬಿಳಿ ಇಲಿ ಎಲ್ಲವೂ ಸಾಲಿನಲ್ಲಿದ್ದವು. ಬ್ಯಾಂಕ್ ಅಧಿಕಾರಿಗಳ ಕಂಕುಳಲ್ಲಿ ಒಂದು ಬೆಕ್ಕು. ಅದು ಅವರ ಮುಖವನ್ನೂ ಕೈಯನ್ನೂ ಪರಚಿ ಹಾಕಿತ್ತು; ಅದಕ್ಕೂ ಇವರಿಗೂ ಅವತ್ತೇ ಪರಿಚಯವಾದದ್ದು ಎಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಅಂಗಡಿಯಲ್ಲಿ ಏನೂ ಉಳಿಯದೆ ಒಬ್ಬರು ಹತ್ತಿ ತುಂಬಿದ ಗೊಂಬೆ ಕರಡಿಯನ್ನು ಎತ್ತಿಕೊಂಡು ಬಂದಿದ್ದರು.

ಮಗಳು ಶಾಲೆಯಿಂದ ಮನೆಗೆ ಓಡಿ, ಹಿತ್ತಲಲ್ಲಿದ್ದ ಜಾಡಿ ಹಿಡಿದುಕೊಂಡು ಅಲ್ಲಿಗೇ ಬಂದಳು. ನಮ್ಮ ಸರದಿ ಬಂತು. ಗುಮಾಸ್ತರು ಪಾಪದವರು, ಬೆಳಗಿನಿಂದ ಪ್ರಾಣಿಗಳನ್ನು ನೋಡಿ ನೋಡಿ ಬಸವಳಿದಿದ್ದರು.

“ಬಸವನಹುಳಾ? ಇದೇನಮ್ಮ, ಎಲ್ಲರೂ ಮೊಲ ಗಿಲ ತರ್ತಾರೆ.”

“ಇದರ ಚಿಪ್ಪು ಒಡೆದಿತ್ತು ಸರ್. ಒಳಗಡೆಯಿಂದ ಅದೇ ಸರಿಮಾಡ್ಕೊಂಡಿದೆ. ಇಲ್ಲಿ ನೋಡಿ, ಬಣ್ಣ ಬೇರೆ ಇದೆಯಲ್ಲ, ಇದು ಹೊಸದು” ಎಂದಳು ಮಗಳು. ಎಷ್ಟೋ ದಿನಗಳ ಮೇಲೆ ಅವಳು ಆಯ್ಕೆಗಳಿಲ್ಲದೆ ಇಷ್ಟು ಮಾತಾಡಿದ್ದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು.

ಗುಮಾಸ್ತರೂ ಬಗ್ಗಿ ನೋಡಿದರು. ಆಮೇಲೆ ತಲೆ ಕೆರೆದುಕೊಂಡರು. “ನೋಡಮ್ಮ, ನಿನ್ನನ್ನ ನಂಬ್ತೀನಿ. ಆದರೆ ವಿಷಯ ಬದಲಿಸೋಕೆ ಮಂಡಳಿ ಒಪ್ಪೋದು ಮೂರೇ ಕಾರಣ. ಮನೆ ಬದಲಾಗಿರಬೇಕು, ಮಂಡಳಿಯಿಂದ ತಪ್ಪಾಗಿರಬೇಕು, ಇಲ್ಲಾ ವೈದ್ಯಕೀಯ ಕಾರಣ ಇರಬೇಕು. ಮಂಡಳಿಯಿಂದ ತಪ್ಪು ಆಗಲ್ಲ. ಇಷ್ಟ ಅನ್ನೋದು ಕಾರಣದಲ್ಲಿ ಬರಲ್ಲ.”

ಮನೆ ಬದಲಿಸಲು ನಮ್ಮಿಂದಾಗದು. ಉಳಿದದ್ದು ವೈದ್ಯರು. ನಮ್ಮ ಬೀದಿಯ ಡಾಕ್ಟರು ಬಿಳಿ ಕೋಟು ಬಿಗಿ ಮಾಡಿಸಿಕೊಳ್ಳಲು ನನ್ನ ಬಳಿಗೇ ಬರುತ್ತಾರೆ. ಏನಾದರೊಂದು ಕಾಯಿಲೆ ಬರೆದುಕೊಡಿ ಎಂದು ಕೈಮುಗಿದೆ. ಅವರು ಮಗಳ ನಾಲಿಗೆ, ಕಣ್ಣು, ನಾಡಿ ಎಲ್ಲ ನೋಡಿದರು.

“ಇಲ್ಲದ ಕಾಯಿಲೆ ಬರೆಯೋಕಾಗಲ್ಲ ತಾಯಿ. ಇರೋದನ್ನ ಬರೀತೀನಿ” ಎಂದು ಹೀಗೆ ಬರೆದರು: ‘ಈಕೆಗೆ ಜೀವಶಾಸ್ತ್ರದ ಮೇಲೆ ಬಹುಕಾಲದಿಂದ ತೀವ್ರವಾದ ಇಷ್ಟವಿದೆ. ಒತ್ತಾಯದಿಂದ ತಡೆದರೆ ಊಟ, ಮಾತು ಕಡಿಮೆಯಾಗುತ್ತವೆ. ವಾಸಿಯಾಗುವ ಲಕ್ಷಣಗಳು ಕಾಣುತ್ತಿಲ್ಲ.’

ಒಬ್ಬ ಮನುಷ್ಯನಾದರೂ ಅದನ್ನು ಓದಿ ನಗುತ್ತಾನೆ, ಮಗಳನ್ನು ಕರೆದು ಎರಡು ಮಾತು ಕೇಳುತ್ತಾನೆ ಎಂದು ನಾನು ನಂಬಿದ್ದೆ. ತಮ್ಮ ಕಚೇರಿ ನಗಲಿಲ್ಲ. ಉತ್ತರ ಬಂತು: ‘ವೈದ್ಯಕೀಯ ಪ್ರಮಾಣಪತ್ರವನ್ನು ದಾಖಲಿಸಿಕೊಳ್ಳಲಾಗಿದೆ. ಸದರಿ ಕಾಯಿಲೆಯು ಅನುಮೋದಿತ ಕಾಯಿಲೆಗಳಲ್ಲಿ ಇಲ್ಲದ ಕಾರಣ ವಿಷಯ ಬದಲಾವಣೆಗೆ ಅವಕಾಶವಿಲ್ಲ. ಆದರೆ ವಾಸಿಯಾಗದ ಕಾಯಿಲೆ ಇರುವ ಅಭ್ಯರ್ಥಿಯನ್ನು ಪರೀಕ್ಷಾ ಕೊಠಡಿಗೆ ಬಿಡಲಾಗದು. ಪೂರ್ಣ ಗುಣಮುಖಳಾದ ಬಗ್ಗೆ ಅಭ್ಯರ್ಥಿಯ ಸಹಿಯೊಂದಿಗೆ ಪ್ರಮಾಣಪತ್ರ ಸಲ್ಲಿಸುವವರೆಗೆ ಭೌತಶಾಸ್ತ್ರದ ಪ್ರವೇಶಪತ್ರವನ್ನು ತಡೆಹಿಡಿಯಲಾಗಿದೆ.’

ಬದಲಿಸಲು ಅದು ಕಾಯಿಲೆಯಲ್ಲ, ತಡೆಯಲು ಮಾತ್ರ ಕಾಯಿಲೆ! ಇಷ್ಟು ಬುದ್ಧಿಯನ್ನು ತಾವು ಒಂದೇ ಪತ್ರದಲ್ಲಿ ಖರ್ಚು ಮಾಡಬಾರದಿತ್ತು. ನನಗೆ ಕೆಲವು ಸಂದೇಹಗಳಿವೆ, ಪರಿಹರಿಸಿ. ಈ ಕಾಯಿಲೆ ಅಂಟುತ್ತದೆಯೇ? ಭೌತಶಾಸ್ತ್ರದ ಕೊಠಡಿಯಲ್ಲಿ ಇವಳ ಪಕ್ಕ ಕೂತವರಿಗೂ ಯಾವುದಾದರೂ ವಿಷಯ ಇಷ್ಟವಾಗಿಬಿಟ್ಟರೆ ಮಂಡಳಿ ಮುಳುಗುತ್ತದೆಯೇ? ಜೀವಶಾಸ್ತ್ರದ ಮೇಡಂ ಇಷ್ಟು ವರ್ಷ ಇದೇ ಕಾಯಿಲೆ ಇಟ್ಟುಕೊಂಡು ಸಂಬಳ ಎಣಿಸಿದ್ದಾರಲ್ಲ, ಅವರನ್ನು ಯಾವ ಆಸ್ಪತ್ರೆಗೆ ಕಳಿಸುತ್ತೀರಿ? ಅದಿರಲಿ, ತಮ್ಮ ಕಚೇರಿಯಲ್ಲಿ ಯಾರಿಗೂ ಚಿಕ್ಕಂದಿನಲ್ಲಿ ಯಾವುದೂ ಇಷ್ಟವಾಗಿರಲಿಲ್ಲವೇ? ಆಗಿದ್ದರೆ ಅದು ಹೇಗೆ ವಾಸಿಯಾಯಿತು?

ಆ ಪತ್ರ ಬಂದ ದಿನ ಮೇಜಿನ ಸುತ್ತ ನಾವೆಲ್ಲ ಕೂತೆವು. ನಮ್ಮವರ ಮುಖ ಬಾಡಿತ್ತು. ಜೀವಶಾಸ್ತ್ರ ಸಿಗದಿದ್ದರೆ ಹೋಗಲಿ, ಈಗ ಭೌತಶಾಸ್ತ್ರವೂ ಇಲ್ಲ. ಯಾವ ಪರೀಕ್ಷೆಯನ್ನೂ ಬರೆಯದಿದ್ದರೆ ಮಗಳ ಒಂದು ವರ್ಷ ಹೋಯಿತು.

“ಒಂದು ಸಹಿ ತಾನೇ? ಹಾಕಿಬಿಡು ಕಣಮ್ಮ. ಇಷ್ಟ ಇಲ್ಲ ಅಂತ ಸಹಿ ಹಾಕು, ಆಮೇಲೆ ಎಷ್ಟು ಬೇಕಾದ್ರೂ ಇಷ್ಟಪಡು. ಯಾರು ಬಂದು ನೋಡ್ತಾರೆ?” ಎಂದರು.

ಅತ್ತೆ ಗಂಟೆ ಬಾರಿಸಿದರು. “ಅಭ್ಯರ್ಥಿಗೆ ಉತ್ತರ ಹೇಳಿಕೊಡೋ ಹಾಗಿಲ್ಲ. ಎದ್ದು ಆಚೆ ಹೋಗು” ಎಂದು ಮಗನನ್ನು ನಿಜಕ್ಕೂ ಹೊರಗೆ ಕಳಿಸಿದರು.

ಪತ್ರದ ಜೊತೆಗೇ ಬಂದಿದ್ದ ಗುಣಪತ್ರದ ಖಾಲಿ ನಮೂನೆಯನ್ನು ಮಗಳು ಮುಂದಕ್ಕೆಳೆದುಕೊಂಡಳು. ನಾನು ಪೆನ್ನನ್ನು ಹತ್ತಿರ ತಳ್ಳಿದೆ. ಯಾಕೆ ಸುಳ್ಳು ಹೇಳಲಿ, ಸಹಿ ಹಾಕಲಿ ಎಂದೇ ತಳ್ಳಿದೆ. ವರ್ಷ ಹೋಗುವುದೆಂದರೆ ಹುಡುಗಾಟವೇ?

“ಅಮ್ಮಾ, ಇಷ್ಟು ದಿನ ನಾಲ್ಕರಲ್ಲಿ ಒಂದು ಕಪ್ಪು ಮಾಡು ಅಂದ್ರಿ, ಮಾಡಿದೆ. ಗೊತ್ತಿಲ್ಲದೇ ಇದ್ರೂ ಮಾಡಿದೆ. ಇದು ನನಗೆ ಗೊತ್ತಿದೆ. ಇದು ತಪ್ಪು ಉತ್ತರ. ಗೊತ್ತಿದ್ದೂ ತಪ್ಪು ಬರೆಯೋಕೆ ಆಗಲ್ಲಮ್ಮ.”

ಪೆನ್ನನ್ನು ಮುಚ್ಚಿ ನನಗೇ ವಾಪಸು ಕೊಟ್ಟಳು. ಸ್ವಾಮೀ, ತಾವು ಪರೀಕ್ಷೆ ನಡೆಸುವುದು ಮಕ್ಕಳಿಗೆ ಸರಿ ಯಾವುದು, ತಪ್ಪು ಯಾವುದು ಗೊತ್ತಿದೆಯೇ ಎಂದು ತಿಳಿಯಲು ತಾನೇ? ನನ್ನ ಮಗಳು ಉತ್ತರ ಕೊಟ್ಟಾಗಿದೆ. ತಾವಿನ್ನೂ ಪ್ರವೇಶಪತ್ರವನ್ನೇ ಕೊಟ್ಟಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅವಳನ್ನು ಜೀವಶಾಸ್ತ್ರದ ಪರೀಕ್ಷೆಗೆ ಕೂರಿಸಿ. ಪ್ರೋತ್ಸಾಹದ ಅಂಕಕ್ಕಾಗಿ ಕೇಳುತ್ತಿದ್ದೇವೆ ಎಂಬ ಅನುಮಾನ ಇದ್ದರೆ ಆ ಅಂಕ ಕೊಡಬೇಡಿ. ಸಾಲದಿದ್ದರೆ ಇಷ್ಟಪಟ್ಟದ್ದಕ್ಕೆ ದಂಡವೆಂದು ಅವಳು ಗಳಿಸಿದ ಅಂಕದಲ್ಲೇ ಒಂದಿಷ್ಟು ಕಳೆಯಿರಿ, ತಕರಾರಿಲ್ಲ. ಕೊಠಡಿಯ ಕೊರತೆ ಹೇಳಬೇಡಿ. ಅಲ್ಲಿ ಇರುವುದು ಇವಳ ಗೆಳತಿ ಒಬ್ಬಳೇ, ಅಷ್ಟು ದೊಡ್ಡ ಕೋಣೆಯಲ್ಲಿ ಒಂಟಿಯಾಗಿ ಬರೆಯಲು ಭಯವಾಗುತ್ತದೆ ಎಂದು ಅವಳೂ ನನ್ನ ಹತ್ತಿರ ಹೇಳಿಕೊಂಡಿದ್ದಾಳೆ.

ಪರೀಕ್ಷೆಯ ಬೆಳಿಗ್ಗೆ ನಾನು ಮಗಳನ್ನು ಕರೆದುಕೊಂಡು ಬರುತ್ತೇನೆ. ಪ್ರವೇಶಪತ್ರ ಇದ್ದರೂ ಬರುತ್ತೇವೆ, ಇಲ್ಲದಿದ್ದರೂ ಬರುತ್ತೇವೆ. ಬಾಗಿಲಲ್ಲಿ ತಮ್ಮವರು ಯಾರಾದರೂ ತಡೆದು ‘ಈಗ ಹೇಗಿದೆ?’ ಎಂದು ಕೇಳಿದರೆ, ‘ಹಾಗೇ ಇದೆ’ ಎಂದು ಅವಳೇ ಹೇಳುತ್ತಾಳೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಅವಳ ಮಾತನ್ನು ತಿದ್ದುವುದಿಲ್ಲ.

ಇಂತಿ,
ಗಿರಾಕಿಗಳ ಬಟ್ಟೆಯನ್ನು ಬಿಟ್ಟರೆ ಬೇರೇನನ್ನೂ ಅಳತೆಗೆ ಕತ್ತರಿಸಲಾರದ,
ವಾಸಿಯಾಗದ ಹುಡುಗಿಯ ತಾಯಿ